ಬಾಯಿಗಿಂತ ಮೊದಲು ಬೆರಳು ನೋಡುವ ಆಬೇದಾ

ಭಾಲ್ಕಿಯಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ಬಸ್ ನಿಲ್ದಾಣದ ಹಿಂದಿನ ಓಣಿಯ ಹಲ್ಲಿನ ದವಾಖಾನೆಯಲ್ಲಿ ಆಬೇದಾ ಕುಕ್ಕರಿನಂಥ ಯಂತ್ರದ ಮುಚ್ಚಳ ತೆಗೆಯುತ್ತಾರೆ. ಒಳಗೆ ಹಬೆಯಲ್ಲಿ ಕಾದ ಚಿಮಟ, ಪುಟ್ಟ ಕನ್ನಡಿ, ಇಕ್ಕಳಗಳ ಪೊಟ್ಟಣಗಳಿವೆ. ಒಂದೊಂದನ್ನೂ ಕಿಟಕಿಗೆ ಹಿಡಿದು ನೋಡುತ್ತಾರೆ. ಪೊಟ್ಟಣದ ಮೇಲಿನ ಗೆರೆ, ಸರಿಯಾಗಿ ಕಾದ ಗುರುತಾಗಿ, ಕಂದು ಬಣ್ಣಕ್ಕೆ ತಿರುಗದಿದ್ದರೆ ಅದು ಮತ್ತೆ ಯಂತ್ರದೊಳಕ್ಕೆ.

"ನಾ ಯಾರನ್ನೂ ನಂಬಂಗಿಲ್ರಿ. ಮಂದಿ ನಮ್ಮನ್ನ ಎಲ್ಲಿ ನಂಬತಾರ? ನಿನ್ನಿ ಯಾರ ಬಾಯಾಗ ಹಾಕಿದ್ರಿ ಇದನ್ನ ಅಂತ ಕೇಳತಾರ. ಅವರ ಕಣ್ಮುಂದೇ ಪೊಟ್ಟಣ ಹರದು ತೋರಸ್ತೇನಿ."

ಹದಿನಾರು ವರ್ಷದ ಹಿಂದೆ ಗಂಡ ತೀರಿಕೊಂಡಾಗ, ಎರಡು ಹೆಣ್ಣುಮಕ್ಕಳನ್ನು ತಾಯಿಯ ಮಡಿಲಿಗೆ ಹಾಕಿ, ಇಲ್ಲಿ ನೆಲ ಒರೆಸಲು ಬಂದವರು ಆಬೇದಾ. ಈಗ ದಿನಕ್ಕೆ ಎಂಬತ್ತು ಹತಾರ ತೊಳೆಯುತ್ತಾರೆ, ಇಪ್ಪತ್ತೈದು ಬಾಯಿಗಳಿಗೆ ದೀಪ ಹಿಡಿಯುತ್ತಾರೆ. ಹುಳುಕು, ಒಸಡಿನ ಬಾವು, ಅಲುಗಾಡುವ ದವಡೆ ಹಲ್ಲು, ಎಲ್ಲವನ್ನೂ ಕಂಡಿದ್ದಾರೆ. ಸಂಶಯವೊಂದನ್ನು ಮಾತ್ರ ಅವರಿಗೆ ಕಲಿಸಿದ್ದು ಔರಾದ ಕಡೆಯ ಡಾಬಕಾದ ಒಬ್ಬ ಹೆಣ್ಣುಮಗಳು. ಹಂಚಿನ ಮೇಲೆ ತಂಬಾಕು ಹುರಿದು ಪುಡಿ ಮಾಡಿದ ಮಿಸರಿಯಿಂದ ಹಲ್ಲುಜ್ಜುವ ಆಕೆ, "ಛೇ, ಅದನ್ನ ಮುಟ್ಟಂಗಿಲ್ಲ" ಅಂದಿದ್ದಳು. ಎಲ್ಲರೂ ನಂಬಿದರು. ವರ್ಷದ ಮೇಲೆ ಮತ್ತೆ ಬಂದಾಗ ಅವಳಿಗೆ ಬಾಯಿ ತೆರೆಯಲು ಆಗುತ್ತಿರಲಿಲ್ಲ. ಅಂದಿನಿಂದ ಆಬೇದಾ ಬಾಯಿಗಿಂತ ಮೊದಲು, ಮಿಸರಿ ಉಜ್ಜಿ ಕಪ್ಪಾಗುವ ಬಲಗೈಯ ತೋರುಬೆರಳು ನೋಡುತ್ತಾರೆ.

ಇವತ್ತು ಮೆಹಕರದಿಂದ ಬಂದ ಅಂಬೂಬಾಯಿಯ ಬೆರಳ ತುದಿ ಕಪ್ಪಗಿದೆ. ಆಕೆ ಕುರ್ಚಿಯ ಅಂಚಿನಲ್ಲೇ ಕೂತಿದ್ದಾರೆ, ಯಾವ ಗಳಿಗೆಯಲ್ಲಾದರೂ ಎದ್ದು ಹೋಗುವವರಂತೆ.

"ಮ್ಯಾಲಿನ ಹಲ್ಲು ಕಿತ್ತರ ಕಣ್ಣು ಹೋಗ್ತಾವಂತ ಖರೇನ?"

"ನನ್ನವು ಎರಡು ಕಿತ್ತಾರ, ಮಾವಶಿ. ನಿಮ್ಮ ಮೂಗಿನ ಮ್ಯಾಲಿನ ಮಚ್ಚಿ ಚೊಲೋ ಕಾಣಸ್ಲತ್ತದ ನನಗ."

ಡಾಕ್ಟರ್ ಮಂಜಿರಿ ಹುಳುಕು ಹಲ್ಲು ನೋಡುತ್ತಾ ಕೆಳತುಟಿ ಸರಿಸುತ್ತಾರೆ. ಒಸಡಿನ ಮೇಲೆ ಬಿಳಿ ಪೊರೆ. ಉಜ್ಜಿದರೂ ಹೋಗುವುದಿಲ್ಲ. ಮಿಸರಿ ಹಚ್ಚುತ್ತೀರಾ ಎಂದರೆ ಅಂಬೂಬಾಯಿ ದೇವರ ಆಣೆ ಇಡುತ್ತಾರೆ.

ಆಬೇದಾ ಬೇರೆ ದಾರಿ ಹಿಡಿಯುತ್ತಾರೆ. "ಮಾವಶಿ, ನಿಮ್ಮ ಮನ್ಯಾಗ ತಂಬಾಕು ಸೊಸಿ ಭಾಳ ಚೊಲೋ ಹುರೀತಾಳಂತಲ್ಲ?"

"ಅಕಿಗಿ ಎಲ್ಲಿ ಬರ್ತದ? ಸುಟ್ಟು ಬೂದಿ ಮಾಡ್ತಾಳ! ನಾನೇ ಹುರಕೊಳ್ಳಬೇಕು ನನಗ..." ಅಂಬೂಬಾಯಿ ತಟ್ಟನೆ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಾರೆ. ಡಾಕ್ಟರ್ ಮುಖ ಆಚೆ ತಿರುಗಿಸಿ ನಗು ನುಂಗುತ್ತಾರೆ.

ಆ ಪೊರೆಯ ಚೂರು ತೆಗೆದು ಪರೀಕ್ಷಿಸಲು ಗುರುವಾರ ಬೀದರಿನ ದೊಡ್ಡ ಆಸ್ಪತ್ರೆಗೆ ಹೋಗಬೇಕು ಎಂದು ಡಾಕ್ಟರ್ ಹೇಳಿದಾಗ ನಗುವಿಗೆ ಜಾಗ ಉಳಿಯುವುದಿಲ್ಲ. "ಒಂದು ಹಲ್ಲಿನ ಸಲ್ಯಾಕ ಬಂದೀನಿ. ಇಲ್ಲದ ರೋಗ ಹಚ್ಚತೀರಿ ನೀವು," ಎನ್ನುತ್ತಾರೆ ಅಂಬೂಬಾಯಿ. ಕೊನೆಗೆ "ಬರ್ತೀನಿ ತೊಗೊ" ಎಂದರೂ, ಆ ಮಾತು ಆಬೇದಾಗೆ ಸಾಲುವುದಿಲ್ಲ.

ಗುರುವಾರ ರಜೆ ಹಾಕಿ ಅವರು ಬೀದರ ಬಸ್ ನಿಲ್ದಾಣದಲ್ಲಿ ನಿಂತಿದ್ದಾರೆ. ಭಾಲ್ಕಿಯಿಂದ ಬಂದ ಒಂದು ಬಸ್ಸು ಖಾಲಿಯಾಗುತ್ತದೆ, ಅಂಬೂಬಾಯಿ ಇಲ್ಲ. ಎರಡನೆಯದರಲ್ಲೂ ಇಲ್ಲ. ಮೂರನೆಯದರಿಂದ ಕೊನೆಯವರಾಗಿ ಇಳಿಯುವ ಆಕೆ, "ನೀ ಬಂದಿರಂಗಿಲ್ಲ ಅಂದ್ಕೊಂಡಿದ್ದೆ," ಎಂದು ಗೊಣಗುತ್ತಾರೆ. ಆಸ್ಪತ್ರೆಯಲ್ಲಿ ಚೂರು ತೆಗೆಯುವಷ್ಟು ಹೊತ್ತೂ ಆಬೇದಾರ ಕೈ ಬಿಡುವುದಿಲ್ಲ.

ಹನ್ನೆರಡು ದಿನಕ್ಕೆ ವರದಿ ಬರುತ್ತದೆ. ಪೊರೆ ಇನ್ನೂ ಕ್ಯಾನ್ಸರಿಗೆ ತಿರುಗಿಲ್ಲ. ಮಿಸರಿ ಬಿಡಬೇಕು, ಮೂರು ತಿಂಗಳಿಗೊಮ್ಮೆ ಬಂದು ತೋರಿಸಬೇಕು. ಬಿಟ್ಟೇಬಿಟ್ಟೆ ಎಂದು ಅಂಬೂಬಾಯಿ ಹೇಳಿ ಹೋಗಿದ್ದಾರೆ. ಆಬೇದಾ ಮೆಹಕರಕ್ಕೆ ಫೋನು ಹಚ್ಚಿ ಸೊಸೆಯನ್ನೂ ಕೇಳಿದ್ದಾರೆ.

ನಿಮಗೇನು ಆಸೆ ಎಂದರೆ ಪೊಟ್ಟಣಗಳನ್ನು ಯಂತ್ರದೊಳಗೆ ಇಡುತ್ತಾ ಹೇಳುತ್ತಾರೆ:

"ಯಾರರೆ ಒಬ್ಬರು ಬಾಗಲಾಗ ನಿಂತು, ನಾ ಕೇಳೂಕಿಂತ ಮೊದಲೇ, ‘ಆಬೇದಾ ಆಪಾ, ನಾ ಮಿಸರಿ ಹಚ್ಚತೀನಿ, ಬಾಯಿ ನೋಡ್ರಿ’ ಅಂತ ಖರೇ ಹೇಳಬೇಕ್ರಿ. ಹದಿನಾರು ವರ್ಷದಾಗ ಒಬ್ಬರೂ ಹೇಳಿಲ್ಲ."