ಸುಡದ ಮಣ್ಣಿನ ಮುಖ

ನಾನು ಸೇರಿದ ಕಲಾಕೇಂದ್ರ ಚೆನ್ನೈನ ತಿರುವೊಟ್ಟಿಯೂರಿನಲ್ಲಿ, ಮುಚ್ಚಿಹೋದ ಒಂದು ಕಾರ್ಖಾನೆಯ ಗೋದಾಮಿನಲ್ಲಿದೆ. ಅದಕ್ಕೆ ಮಾಲೀಕರಿಲ್ಲ, ಸಂಬಳಕ್ಕಿರುವವರೂ ಇಲ್ಲ. ಸುತ್ತಲಿನ ಜನರೇ ಬೀಗ ತೆಗೆಯುತ್ತಾರೆ, ಕಸ ಗುಡಿಸುತ್ತಾರೆ, ಬಂದವರಿಗೆ ಚಿತ್ರ ಬರೆಯುವುದನ್ನೂ ಜೇಡಿಮಣ್ಣಿನ ಕೆಲಸವನ್ನೂ ಹೇಳಿಕೊಡುತ್ತಾರೆ. ಸದಸ್ಯರಾಗಬೇಕೆನ್ನುವವರು ಮೂರು ತಿಂಗಳು ಭಾನುವಾರಗಳಂದು ಬಂದು ಕೆಲಸ ಮಾಡಬೇಕು. ಆಮೇಲೆ ಉಳಿದವರೆಲ್ಲ ಕೂತು ಒಪ್ಪಬೇಕು.

ಪೋರೂರಿನ ನನ್ನ ಮನೆಯಿಂದ ಅಲ್ಲಿಗೆ ಹೋಗುವಷ್ಟರಲ್ಲಿ ಅರ್ಧ ಬೆಳಗು ಕಳೆದಿರುತ್ತದೆ. ಆದರೂ ಹೋಗುತ್ತಿದ್ದೆ. ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ನನ್ನ ಕೆಲಸ. ವಾರಕ್ಕೊಂದು ದಿನವಾದರೂ ಸ್ಪಿರಿಟ್ಟಿನ ವಾಸನೆ ಇಲ್ಲದ ಕಡೆ ಇರಬೇಕು ಅನ್ನಿಸಿತ್ತು.

ಮಣ್ಣಿನ ವಿಭಾಗ ನೋಡಿಕೊಳ್ಳುತ್ತಿದ್ದ ಅಕ್ಕ ಉಡುಪಿ ಕಡೆಯ ಹೋಟೆಲಿನವರ ಮಗಳು, ಚೆನ್ನೈಯಲ್ಲೇ ಹುಟ್ಟಿದವರು. ಎರಡು ತಿಂಗಳು ಕಸ ಗುಡಿಸಿದ ಮೇಲೆ ಅವರು ನನಗೆ ಕೊಟ್ಟ ಮೊದಲ ಮಣ್ಣಿನ ಕೆಲಸ ಒಡೆಯುವುದು. ಭಟ್ಟಿಯಲ್ಲಿ ಸುಡದೆ ಬರೀ ಒಣಗಿದ ಮಣ್ಣನ್ನು ಒಡೆದು ನೀರಿಗೆ ಹಾಕಿದರೆ ಮತ್ತೆ ಹಸಿಮಣ್ಣಾಗುತ್ತದೆ. ಮೂರು ತಿಂಗಳಾದರೂ ಯಾರೂ ಕೇಳದ ವಸ್ತುಗಳು, ಮಾಡಿದವರ ಹೆಸರು ಮತ್ತು ತಾರೀಖಿನ ಚೀಟಿ ಹೊತ್ತು, ಗೋಡೆಯ ಕಪಾಟಿನಲ್ಲಿ ಕೂತಿದ್ದವು.

"ಪಾವಂ, ಪಾಪ ಅಂತ ನೋಡ್ತಾ ಕೂತ್ರೆ ಆಗ್ಲಿಕ್ಕಿಲ್ಲ ಮಾರಾಯ್ರೆ, ನಾಳೆ ಬರುವವರಿಗೆ ಮಣ್ಣು ಬೇಕಲ್ಲ," ಎಂದರು.

ನನಗೆ ಕಷ್ಟವಾಗಲಿಲ್ಲ. ಅವಧಿ ಮುಗಿದ ರಕ್ತದ ಸ್ಯಾಂಪಲ್ಲುಗಳನ್ನು ಇಪ್ಪತ್ತು ವರ್ಷದಿಂದ ಎಸೆಯುತ್ತ ಬಂದವಳು ನಾನು. ಚೀಟಿಯ ಮೇಲಿನ ತಾರೀಖು ನೋಡುವುದು, ಗೋಣಿಯ ಮೇಲೆ ಇಡುವುದು, ಮರದ ಸುತ್ತಿಗೆಯಿಂದ ಒಂದು ಪೆಟ್ಟು. ದೀಪ, ಹೂಕುಂಡ, ಸೊಂಡಿಲು ಮುರಿದ ಆನೆ. ಕೊನೆಗೊಂದು ಗಂಡಸಿನ ಮುಖವಿತ್ತು. ಮೂಗು ದೊಡ್ಡದಾಯಿತೇನೋ ಅನ್ನುವಂತಿತ್ತು, ಹುಬ್ಬು ಗಂಟಿಕ್ಕಿಕೊಂಡಿತ್ತು. ಅದರ ತಾರೀಖೂ ಮುಗಿದಿತ್ತು. ಒಡೆದು ಬಕೆಟ್ಟಿಗೆ ಹಾಕಿದೆ. ನೀರಿನಲ್ಲಿ ಗುಳ್ಳೆ ಎದ್ದು ಆ ಚೂರುಗಳು ಕರಗಿದವು.

ಎರಡು ವಾರ ಕಳೆದ ಮೇಲೆ ಒಬ್ಬ ಹೆಂಗಸು ಬಂದಳು. ನನ್ನದೇ ವಯಸ್ಸು. ಹಣೆ ಬರಿದಾಗಿತ್ತು. ನೇರ ಕಪಾಟಿನ ಬಳಿ ಹೋಗಿ ಎರಡನೆಯ ಹಲಗೆಯನ್ನು ನೋಡಿದಳು, ಮೂರನೆಯದನ್ನು ನೋಡಿದಳು, ಮತ್ತೆ ಎರಡನೆಯದಕ್ಕೆ ಬಂದಳು.

"ನಮ್ಮ ಮನೆಯವರ ಮುಖ ಇಲ್ಲಿಟ್ಟಿದ್ದೆ," ಎಂದಳು ತಮಿಳಿನಲ್ಲಿ. "ಅವರನ್ನೇ ಆ ಸ್ಟೂಲಿನ ಮೇಲೆ ಕೂರಿಸಿ ಮಾಡಿದ್ದೆ. ಸೊಂಟ ನೋಯುತ್ತೆ ಅಂತ ಬೈಯ್ತಾ ಕೂತಿದ್ದರು. ಆಮೇಲೆ ಆಸ್ಪತ್ರೆ, ಅದು ಇದು ಅಂತ ಬರೋಕಾಗಲಿಲ್ಲ."

ಅಕ್ಕ ಒಳಗಿದ್ದರು. ಅವರು ಬರಲಿ ಎಂದು ಸುಮ್ಮನಿರಬಹುದಿತ್ತು.

"ನಾನು ಒಡೆದುಬಿಟ್ಟೆ," ಎಂದೆ, ನನ್ನ ಹರಕು ತಮಿಳಿನಲ್ಲಿ. "ತಾರೀಖು ಮುಗಿದಿತ್ತು."

ಆ ಎರಡನೆಯ ಮಾತು ಯಾಕೆ ಆಡಿದೆನೋ! ಆಡಿದ ಕೂಡಲೇ ನಾಚಿಕೆಯಾಯಿತು. ಅವಳು ಅಳಲಿಲ್ಲ. ಯಾವ ಬಕೆಟ್ಟು ಎಂದು ಕೇಳಿದಳು. ತೋರಿಸಿದೆ. ಹತ್ತಾರು ಜನರ ವಸ್ತುಗಳು ಸೇರಿ ಒಂದೇ ಬೂದು ಕೆಸರಾಗಿತ್ತು. ಅವಳು ಮೊಣಕೈವರೆಗೆ ಕೈ ಇಳಿಸಿ, ಒಂದಿಷ್ಟು ಹೊತ್ತು ಹಾಗೇ ಕೂತಿದ್ದು, ಎದ್ದು ನಲ್ಲಿಯಲ್ಲಿ ತೊಳೆದುಕೊಂಡಳು.

"ಪರವಾಯಿಲ್ಲೆ," ಎಂದು ಹೊರಟುಹೋದಳು. ಪರವಾಗಿಲ್ಲ ಎಂಬ ಆ ಮಾತು ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

ಇನ್ನು ಬರುವುದಿಲ್ಲ ಎಂದು ಅಕ್ಕನಿಗೆ ಹೇಳಿದೆ. ಅವರು ಕೈಯ ಮಣ್ಣು ಒರೆಸುತ್ತ ಕೇಳಿದರು: "ನೀವು ಬಿಟ್ಟು ಹೋದ್ರೆ ಆ ಮುಖ ಬರ್ತದಾ? ತಪ್ಪು ನಿಮ್ದು ಮಾತ್ರ ಅಲ್ಲ. ಚೀಟಿಯಲ್ಲಿ ಫೋನ್ ನಂಬರ್ ಬರ್ಸಿಕೊಳ್ತೇವೆ, ಇಷ್ಟು ವರ್ಷದಲ್ಲಿ ಒಬ್ರಿಗಾದ್ರೂ ಫೋನ್ ಮಾಡಿದ್ದೇವಾ ನಾವು?"

ನನ್ನ ಸದಸ್ಯತ್ವದ ಸಭೆ ಮುಂದಿನ ಭಾನುವಾರವಿತ್ತು. ಎಲ್ಲರೂ ಚಾಪೆಯ ಮೇಲೆ ಕೂತಿದ್ದರು. ಬೇರೆಯವರು ಎತ್ತುವ ಮುಂಚೆ ನಾನೇ ನಡೆದದ್ದನ್ನೆಲ್ಲ ಹೇಳಿದೆ. ಒಡೆಯುವ ಮುಂಚೆ ಮಾಡಿದವರಿಗೆ ಫೋನ್ ಮಾಡಬೇಕು, ಒಪ್ಪುವುದಾದರೆ ಆ ಕೆಲಸ ನನಗೇ ಕೊಡಿ ಎಂದೆ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಒಬ್ಬ ಮುದುಕರು, "ನಿನಗೆ ತಮಿಳು ಸರಿಯಾಗಿ ಬರೋದಿಲ್ಲವಲ್ಲಮ್ಮ," ಎಂದರು. "ಕಲಿಯುತ್ತೇನೆ," ಎಂದೆ. ಸದಸ್ಯರ ಪುಸ್ತಕದಲ್ಲಿ ಸಹಿ ಹಾಕಿಸಿಕೊಂಡರು.

ಮನೆಯಲ್ಲಿ ಮಗಳು ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ತಮಿಳಿನಲ್ಲೇ ಉತ್ತರ ಕೊಡುವವಳು. ಮೊದಲ ಬಾರಿಗೆ ಅದು ನನಗೆ ಉಪಯೋಗಕ್ಕೆ ಬಂತು. "ನಿಮ್ಮ ವಸ್ತು ಒಡೆಯಬಹುದಾ" ಎಂಬುದನ್ನು ತಮಿಳಿನಲ್ಲಿ ಹೇಗೆ ಕೇಳಲಿ ಎಂದೆ. ಅವಳು ಪುಸ್ತಕದಿಂದ ತಲೆ ಎತ್ತಿದಳು.

"ಹಾಗೆ ಕೇಳಬೇಡಮ್ಮಾ. 'ಎಪ್ಪೋ ವರೀಂಗ' ಅಂತ ಕೇಳು."

ಯಾವಾಗ ಬರುತ್ತೀರಿ. ಆ ಎರಡು ಪದ ಬಾಯಿಪಾಠ ಮಾಡಿಕೊಂಡು ಒಂದೊಂದೇ ಚೀಟಿ ಹಿಡಿದು ಫೋನ್ ಮಾಡಿದೆ. ಪಲ್ಲಾವರಂನ ಒಬ್ಬರು, "ಅಯ್ಯೋ, ಅದಿನ್ನೂ ಇದೆಯಾ?" ಎಂದು ನಕ್ಕರು. ಕೆಲವು ನಂಬರುಗಳು ಸತ್ತಿದ್ದವು. ಕಪಾಟಿನಲ್ಲಿ ಅವಳದೇನೂ ಉಳಿದಿರದಿದ್ದರೂ, ಬಿಚ್ಚಿಟ್ಟಿದ್ದ ಹಳೆಯ ಚೀಟಿ ಹುಡುಕಿ ಆ ಹೆಂಗಸಿಗೂ ಮಾಡಿದೆ. ನಾನು ಯಾರೆಂದು ಹೇಳಿದೆ. ಅವಳ ಹಿಂದೆ ಎಲ್ಲೋ ಕುಕ್ಕರ್ ಕೂಗುತ್ತಿತ್ತು. ಯಾವಾಗ ಬರುತ್ತೀರಿ ಎಂದು ಕೇಳಿದೆ. "ನೋಡೋಣ," ಎಂದು ಇಟ್ಟುಬಿಟ್ಟಳು.

ತಮಿಳರ ಆಷಾಢವಾದ ಆಡಿ ತಿಂಗಳು ಕಳೆದ ಮೇಲೆ ಬಂದಳು. ಮುಖ ಮಾಡಲಿಲ್ಲ, ಇವತ್ತಿನವರೆಗೂ ಮಾಡಿಲ್ಲ. ಒಂದು ಪುಟ್ಟ ಬಟ್ಟಲು ಮಾಡಿದಳು, ಅಂಚು ಸೊಟ್ಟಗೆ. ನಾನು ಪಕ್ಕದಲ್ಲಿ ಮಣ್ಣು ನಾದುತ್ತಿದ್ದೆ. ಹಿಂದಿನದನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ನನ್ನನ್ನು ಅವಳು ಕ್ಷಮಿಸಿದ್ದಾಳೋ ಇಲ್ಲವೋ ನನಗೆ ಗೊತ್ತಿಲ್ಲ. ಹೊರಡುವಾಗ ನನ್ನತ್ತ ತಿರುಗಿ, "ಇದನ್ನು ಬೇಗ ಸುಡಿಸಿಬಿಡಿ ಅಕ್ಕ," ಎಂದಳು. ಆ ವಾರದ ಭಟ್ಟಿಗೆ ಬಟ್ಟಲನ್ನು ನಾನೇ ಎರಡೂ ಕೈಯಲ್ಲಿ ಹಿಡಿದುಕೊಂಡು ಹೋಗಿ ಇಟ್ಟೆ.