ಮಾತು ಒಪ್ಪಿಸಿಕೊಳ್ಳುವ ಮ್ಯೂರಿಯಲ್

ಇಂಗ್ಲೆಂಡಿನ ಬ್ರಾಡ್‌ಫರ್ಡ್‌ನ ಏರುಬೀದಿಗೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಮ್ಯೂರಿಯಲ್ ಸಟ್‌ಕ್ಲಿಫ್ ಒಂದು ಕೈಯಲ್ಲಿ ಮೊಟ್ಟೆ ಮಗುಚುತ್ತ, ಇನ್ನೊಂದರಲ್ಲಿ ಎಣ್ಣೆಕಲೆಯ ನಾಟಕದ ಪುಸ್ತಕ ಹಿಡಿದಿದ್ದಾರೆ. ಮೇಜಿನಾಚೆ ಮುದಿನಟ ಲಯನೆಲ್ ಗಾರ್ಸೈಡ್. ನಾನೂರು ವರ್ಷ ಹಳೆಯ ದುರಂತ ನಾಟಕದಲ್ಲಿ ಅವರು ತಂದೆ; ಸತ್ತ ಮಗನೆದುರು ಆಡುವ ಮಾತು ಒಪ್ಪಿಸುತ್ತಿದ್ದಾರೆ. ನಡುವೆ ನಿಂತುಬಿಡುತ್ತಾರೆ. ಮ್ಯೂರಿಯಲ್ ಕಾಯುತ್ತಾರೆ. ಮೊಟ್ಟೆ ಸೀಯುತ್ತದೆ.

“ಹೇಳ್ಕೊಡು ಮಾ, ಸಾಯಿಸ್ಬೇಡ.”

“ನಿನ್ನೇನೂ ಅದೇ ಜಾಗದಲ್ಲಿ ಹೇಳ್ಕೊಟ್ಟೆ. ಮೊನ್ನೇನೂ.”

ಊರೂರು ಸುತ್ತುವ ನಟರು ಇಳಿದುಕೊಳ್ಳುವ ಮನೆ ಇದು. ಅವರಿಗೆಲ್ಲ ಮ್ಯೂರಿಯಲ್ ‘ಮಾ’. ಉಣ್ಣೆ ಗಿರಣಿಯಲ್ಲಿದ್ದ ಗಂಡ ತೀರಿಕೊಂಡಾಗ ಮಹಡಿಯ ಕೋಣೆಗಳನ್ನು ಬಾಡಿಗೆಗೆ ಬಿಟ್ಟರು. ಮೊದಲು ಬಂದವನೇ ಪುಸ್ತಕ ಕೈಗಿತ್ತು, ತಪ್ಪಿದರೆ ತಿದ್ದಿ ಎಂದನಂತೆ. ಅಂದಿನಿಂದ ಇದೂ ಮನೆಗೆಲಸದ ಜೊತೆಗೊಂದು ಕೆಲಸ.

“ಆ ಹಳೇ ಇಂಗ್ಲಿಷು ತಲೆಬುಡ ತಿಳೀತಿರ್ಲಿಲ್ಲ. ಈಗ್ಲೂ ಅರ್ಧ ತಿಳಿಯಲ್ಲ ಬಿಡಿ. ಆದ್ರೆ ಕಿವಿ ಪಳಗಿದೆ, ಎಲ್ಲಿ ಕುಂಟ್ತು ಅಂತ ಗೊತ್ತಾಗುತ್ತೆ,” ಎನ್ನುತ್ತಾರೆ ಅವರ ಬಗ್ಗೆ ಬರೆಯಲು ಬಂದ ನಮಗೆ, ಮೊಣಕಾಲು ನೀವಿಕೊಳ್ಳುತ್ತ. ಮೆಟ್ಟಿಲು ಹತ್ತಿ ಹಾಸಿಗೆಬಟ್ಟೆ ಬದಲಿಸುವಷ್ಟರಲ್ಲಿ ಸೊಂಟ ಬಿದ್ದುಹೋಗುತ್ತದೆ. ಹೊಸ ಹುಡುಗರು ಹೋಟೆಲುಗಳ ಪಾಲಾಗಿದ್ದಾರೆ. ಬರುವವರು ಹಳಬರೇ, ಅವರೂ ಇವರಷ್ಟೇ ದಣಿದವರು.

ಈ ಮನೆಗೊಂದು ಕಟ್ಟಳೆಯಿದೆ. ಇಲ್ಲಿ ಯಾರು ತಡವರಿಸಿದರು ಎಂಬುದು ಹೊಸಿಲು ದಾಟುವಂತಿಲ್ಲ. ಇವತ್ತು ಅದಕ್ಕೇ ಕುತ್ತು ಬಂದಿದೆ.

ಫೋನು ಬಡಿದುಕೊಳ್ಳುತ್ತದೆ. ನಿರ್ದೇಶಕಿ ಪ್ರೂಳ ದನಿ ಅಡುಗೆಮನೆಗೆಲ್ಲ ಕೇಳುತ್ತದೆ. “ಮಾ, ನಿಜ ಹೇಳಿ. ಲಯನೆಲ್‌ಗೆ ಮಾತು ಬಂದಿದೆಯಾ? ನಾಡಿದ್ದೇ ಮೊದಲ ಪ್ರಯೋಗ. ಇಲ್ಲಾಂದ್ರೆ ಇವತ್ತೇ ಬೇರೆಯವರನ್ನ ಹಾಕ್ಬೇಕು.”

ಬಂದಿದೆ ಎಂದರೆ ಲಯನೆಲ್ ತುಂಬಿದ ಸಭೆಯೆದುರು ಮೂಕರಾಗಿ ನಿಲ್ಲಬೇಕು. ಇಲ್ಲವೆಂದರೆ, ನಂಬಿ ಬಾಯಿಬಿಟ್ಟವರ ಕತ್ತು ಕೊಯ್ದಂತೆ. ಮ್ಯೂರಿಯಲ್‌ರ ಮುಖ ಇಳಿದುಹೋಗುತ್ತದೆ. ಫೋನನ್ನು ಲಯನೆಲ್ ಮುಂದೆ ಹಿಡಿಯುತ್ತಾರೆ.

“ನಾನು ಹೇಳಲ್ಲ ಕಣೋ. ಹೌದು ಅಂತಾನೂ ಇಲ್ಲ, ಇಲ್ಲ ಅಂತಾನೂ ಇಲ್ಲ. ನೀನೇ ಹೇಳು.”

ಲಯನೆಲ್ ತಟ್ಟೆಯನ್ನೇ ನೋಡುತ್ತಾರೆ. ಆಮೇಲೆ ಫೋನು ತಗೊಳ್ಳುತ್ತಾರೆ.

“ಬಂದಿಲ್ಲ ಪ್ರೂ. ಬರೋದೂ ಇಲ್ಲ ಅನ್ಸುತ್ತೆ. ಕೋಟೆ ಬಿತ್ತು ಅಂತ ಸುದ್ದಿ ತರೋ ದೂತ ಇದಾನಲ್ಲ, ಅವನ ಪಾತ್ರ ಕೊಡ್ತೀಯಾ?”

ಪ್ರೂ ಒಪ್ಪುತ್ತಾಳೆ. ಈ ಮನುಷ್ಯ ಇದೇ ಊರಿನಲ್ಲಿ ರಾಜನ ಪಾತ್ರದಲ್ಲಿ ಮೆರೆದದ್ದನ್ನು ಕಂಡವರು ಮ್ಯೂರಿಯಲ್. ತಂದೆಯ ಪುಟದಲ್ಲಿಟ್ಟಿದ್ದ ಬೆರಳು ತೆಗೆದು ದೂತನ ಪುಟ ಹುಡುಕುತ್ತಾರೆ.

“ಮೂರೂವರೆ ಸಾಲು ಮಾ. ನೀನು ಟೀ ಬಗ್ಗಿಸೋದ್ರೊಳಗೆ ಮುಗೀತು,” ಎಂದು ಲಯನೆಲ್ ನಗಲು ನೋಡುತ್ತಾರೆ.

“ಟೀ ಆಮೇಲೆ. ಎದ್ದು ನಿಂತು ಹೇಳು.”

ಲಯನೆಲ್ ಎದ್ದು ನಿಂತು ಹೇಳುತ್ತಾರೆ. ಎಲ್ಲೂ ತಡವರಿಸುವುದಿಲ್ಲ. ಅವರು ತಾಲೀಮಿಗೆ ಹೊರಟ ಮೇಲೆ ಮ್ಯೂರಿಯಲ್ ಕುರ್ಚಿಯಲ್ಲಿ ಕುಸಿಯುತ್ತಾರೆ. ಇಷ್ಟು ವರ್ಷ ಮಾತು ಒಪ್ಪಿಸಿಕೊಂಡು ಸಾಧಿಸಿದ್ದೇನು ಎಂದು ನಾವು ಕೇಳಿದ್ದಕ್ಕೆ ಹೇಳುತ್ತಾರೆ:

“ನನ್ನ ಮೇಜಿಂದ ಎದ್ದುಹೋದೋರು ಯಾರೂ ಜನರೆದುರು ತಲೆ ತಗ್ಗಿಸಿಲ್ಲ. ಅವನೂ ತಗ್ಗಿಸಲ್ಲ.”