ಸಂಜಿ ಬಸ್ಸಿಗೆ ಬಂದ ನಾಯಿ

ಇವತ್ತು ಮಾಡಿದ ಕೆಲಸ: ಅಂಗಳ ಗುಡಿಸಿ ನೀರು ಹೊಡೆದೆ. ಹಾಲು ಕಾಸಿ ಕೆನೆ ತೆಗೆದಿಟ್ಟೆ. ಹನ್ನೊಂದು ರೊಟ್ಟಿ ಬಡಿದೆ, ಒಂದು ಹೊತ್ತಿತು. ಮಾಳಿಗೆಯ ಮೇಲೆ ಒಣಹಾಕಿದ ಸಂಡಿಗೆಗೆ ಹಳೆ ಸೀರೆ ಮುಚ್ಚಿ ನಾಲ್ಕೂ ಮೂಲೆಗೆ ಕಲ್ಲಿಟ್ಟು ಬಂದೆ, ಮಂಗಗಳ ಕಾಟ. ನಾಯಿಯ ಕಣ್ಣಿಗೆ ಔಷಧದ ಹನಿ ಹಾಕಿದೆ. ಅದು ಮಲಗುವ ಕೌದಿ ಬಿಸಿಲಿಗೆ ಹಾಕಿದೆ. ಆಮೇಲೆ ದೇವರ ಕೋಣೆಯ ಗೋಡೆಯ ಮಾಡದಲ್ಲಿದ್ದ ಡಬ್ಬಿ ತೆಗೆದು ಬಜಿ ಬೇರು ಹುಡುಕಿ, ಸಾಣಿಕಲ್ಲು ತೊಳೆದೆ.

ಬಜಿಯ ಕೆಲಸ ಬಂದದ್ದು ಮೊಮ್ಮಗಳಿಂದ. ಮಗಳು ನಿನ್ನೆ ಅಕ್ಕಿಆಲೂರಿನಿಂದ ಕೂಸನ್ನು ಕರೆದುಕೊಂಡು ಬಂದಿದ್ದಾಳೆ. ಎರಡು ವರ್ಷ ತುಂಬಿದರೂ ಕೂಸಿನ ಬಾಯಲ್ಲಿ ಮಾತಿಲ್ಲ. ಹಾನಗಲ್ಲಿನ ಡಾಕ್ಟರು ಕಿವಿ, ಗಂಟಲು ಎಲ್ಲ ನೋಡಿ ಏನೂ ತೊಂದರೆ ಇಲ್ಲ, ಕಾಯೋಣ ಅಂದಿದ್ದಾರಂತೆ. ಕಾಯುವುದೇ ಅವಳಿಗೆ ಕಷ್ಟವಾಗಿದೆ. ನಮ್ಮ ಕಡೆ ಮಾತು ತಡವಾದ ಕೂಸುಗಳಿಗೆ ಬಜಿ ಬೇರನ್ನು ಕಲ್ಲಿನ ಮೇಲೆ ತೇಯ್ದು, ಜೇನುತುಪ್ಪ ಸೇರಿಸಿ, ಬೆರಳ ತುದಿಯಿಂದ ನಾಲಿಗೆಗೆ ಮುಟ್ಟಿಸುತ್ತಾರೆ. ಘಾಟು ವಾಸನೆ, ಕಹಿ.

ಕಲ್ಲಿನ ಮೇಲೆ ಬೇರು ಎರಡು ಸುತ್ತು ತಿರುಗಿತ್ತೋ ಇಲ್ಲವೋ, ಬಾಗಿಲ ಬಿಸಿಲಲ್ಲಿ ಪಾದ ನೆಕ್ಕುತ್ತ ಮಲಗಿದ್ದ ನಾಯಿ ಎದ್ದು, ಹಿಂದೆ ತಿರುಗಿ ನೋಡದೆ ಮಂಚದ ಕೆಳಗೆ ಹೋಗಿ ಕುಂತಿತು. ಹನ್ನೊಂದು ವರ್ಷವಾದರೂ ಆ ಸಪ್ಪಳವನ್ನು ಅದು ಮರೆತಿಲ್ಲ.

ಹನ್ನೊಂದು ವರ್ಷದ ಕೆಳಗೆ, ದೀಪಾವಳಿ ಮುಗಿದ ವಾರ, ಮನೆಯವರು ಶಿಗ್ಗಾವಿಯಿಂದ ಅದನ್ನು ಎತ್ತಿಕೊಂಡು ಬಂದಿದ್ದರು. ಅಲ್ಲಿನ ಕಚೇರಿಯಲ್ಲಿ ಅವರು ಗುಮಾಸ್ತರು. ಅವರ ಸಾಹೇಬರಿಗೆ ದೂರದ ಊರಿಗೆ ವರ್ಗವಾಗಿ, ಸಾಕಿದ ಮರಿಯನ್ನು ಯಾರಿಗಾದರೂ ಕೊಡಬೇಕೆಂದಾಗ ಇವರು ನನಗೆ ಫೋನ್ ಮಾಡಿ ಕೇಳಿದರು. ನಾನು ಬೇಕು ಅಂದೆ. ಅತ್ತೆಯನ್ನು ಕೇಳದೆ ಅಂದೆ. ಮದುವೆಯಾಗಿ ಹದಿನೇಳು ವರ್ಷದಲ್ಲಿ ಈ ಸವಣೂರಿನ ಮನೆಗೆ ನಾನು ಬೇಕೆಂದದ್ದಕ್ಕೆ ಬಂದ ಮೊದಲ ವಸ್ತು ಅದೇ ಇರಬೇಕು. ಮಗಳು ಆ ವರ್ಷ ಧಾರವಾಡದ ಹಾಸ್ಟೆಲ್ಲಿಗೆ ಹೋಗಿದ್ದಳು. ಎಂಟಕ್ಕೆ ಇವರು ಬಸ್ಸು ಹತ್ತಿದರೆ ಸಂಜೆಯ ತನಕ ಮನೆಯಲ್ಲಿ ನಾನು ಮತ್ತು ಅತ್ತೆ. ನಮ್ಮಿಬ್ಬರ ನಡುವೆ ಜಗಳವಿರಲಿಲ್ಲ, ಮಾತೂ ಇರಲಿಲ್ಲ. "ಬ್ಯಾಳಿಗೆ ಉಪ್ಪ ಹಾಕಿಯೇನು?" "ಹಾಕೇನ್ರಿ." ಅಷ್ಟಕ್ಕೆ ಮಧ್ಯಾಹ್ನವಾಗುತ್ತಿತ್ತು.

ಕೆಂಪು ಮೈ, ಬಿಳಿ ಪಾದ, ಚಕ್ಕುಲಿಯ ಹಾಗೆ ಸುತ್ತಿಕೊಂಡ ಬಾಲ, ನೆಟ್ಟಗಿನ ಕಿವಿ. ಹಣೆಯ ಮೇಲೆ ಮಾತ್ರ ನೆರಿಗೆ, ಏನೋ ಲೆಕ್ಕ ತಪ್ಪಿದವರ ಹಾಗೆ.

"ಇದೇನ ತಂದ್ಯೋ?" ಅತ್ತೆ ಕೇಳಿದರು.

"ಬಸೆಂಜಿ ಅಂತ ಅವ್ವಾ."

"ಬಸ್ ಸಂಜಿ? ಸಂಜಿ ಬಸ್ಸಿಗೆ ಬಂದದ್ದು ನನಗೂ ಕಾಣಸ್ತೈತಿ. ಹೆಸರ ಹೇಳು."

"ಜಾತಿ ಹೆಸರ ಅದು. ಆಫ್ರಿಕಾದ್ದು."

"ನಮ್ಮೂರ ದೊಡ್ಡ ಹುಣಸಿ ಗಿಡಾನೂ ಆಫ್ರಿಕಾದ್ದ ಅಂತಾರ," ಅಂದರು ಅತ್ತೆ. ಹತ್ತು ಜನ ಕೈ ಹಿಡಿದು ನಿಂತರೂ ತಬ್ಬಲಾಗದ, ಹೆಸರಿಗಷ್ಟೇ ಹುಣಸೆಯಾದ ಆ ಮೂರು ಮರಗಳನ್ನು ನೋಡಲು ಹೊರಗಿನಿಂದ ಜನ ಬರುತ್ತಾರೆ. ಊರವರಿಗೆ ಅವು ಮನೆಯ ಹಿರಿಯರಿದ್ದ ಹಾಗೆ, ಇದ್ದಾವೆ, ಅಷ್ಟೇ. "ಅದಕ್ಕ ಕೂಳ ಹಾಕೂದಿಲ್ಲ, ಇದಕ್ಕ ಹಾಕಬೇಕು. ಇರಲಿ. ಬೊಗಳ್ತೈತೇನು?"

ಮನೆಯವರು ನನ್ನ ಕಡೆ ನೋಡಿದರು. "ಈ ಜಾತಿ ಬೊಗಳಂಗಿಲ್ಲಂತವ್ವಾ."

ಅಲ್ಲಿಂದ ಶುರುವಾಯಿತು. ಅದಕ್ಕೆ ಎರಡು ತಿಂಗಳು ಹಿಂದೆ ಹಿತ್ತಲಲ್ಲಿದ್ದ ತಾಮ್ರದ ಹಂಡೆಯನ್ನು ಹಾಡಹಗಲೇ ಯಾರೋ ಹೊತ್ತೊಯ್ದಿದ್ದರು. ಅತ್ತೆ ತವರಿನಿಂದ ತಂದ ಹಂಡೆ. ಅವರಿಗೆ ಬೇಕಾಗಿದ್ದು ಹಿತ್ತಲು ಕಾಯುವ ಗಂಟಲು. "ಗೊಟಗೋಡಿ ತೋಟದಾಗ ಸಿಮೆಂಟಿನ ಗೊಂಬಿ ನಿಲ್ಲಿಸ್ಯಾರಲ್ಲ, ಅಲ್ಲಿಂದ ಎತ್ತಿಕೊಂಡ ಬಂದಿಯೇನೋ? ಕುಂದ್ರಿಸಿದಲ್ಲೆ ಕುಂದರ್ತೈತಿ. ಬೊಗಳದ ನಾಯಿ, ಕಾಯದ ಬೀಗ, ಏನ್ ಮಾಡೂದೈತಿ ಇದನ್ನ?"

"ಬೊಗಳೂ ಮಂದಿ ಮನ್ಯಾಗ ಅದಾರಲ್ಲವ್ವಾ," ಅಂದ ಇವರ ಮಾತಿಗೆ ನಾನು ನಗಲಿಲ್ಲ, ಅತ್ತೆಯೂ ನಗಲಿಲ್ಲ.

ಮರುದಿನ ಅತ್ತೆ ಹಿರೇಕೆರೂರಿಗೆ ಫೋನ್ ಮಾಡಿಸಿದರು. ಅಲ್ಲಿ ನನ್ನ ನಾದಿನಿಯನ್ನು ಕೊಟ್ಟಿದ್ದು. ಅವರದು ಗೋವಿನಜೋಳದ ವ್ಯಾಪಾರ, ಹೊಲದ ಮನೆಯಲ್ಲಿ ನಾಲ್ಕು ನಾಯಿ. ಒಪ್ಪಂದವಾಯಿತು: ಸಂಕ್ರಮಣದೊಳಗೆ ಈ ಮರಿ ಬೊಗಳಿದರೆ ಸರಿ. ಇಲ್ಲದಿದ್ದರೆ ನಾದಿನಿ ಬಂದು ಇದನ್ನು ಹೊಲಕ್ಕೆ ಒಯ್ದು, ಅಲ್ಲಿಯ ಒಂದನ್ನು ಇಲ್ಲಿ ಬಿಡುವುದು. ಹೊಲದ ನಾಯಿಗಳು ಹಗ್ಗದಲ್ಲಿ ಕಟ್ಟಿಸಿಕೊಂಡು ಬೆಳೆದಂಥವು. ಮಳೆಹನಿ ಬಿದ್ದರೆ ಒಳಗೆ ಓಡಿ ಬಂದು, ಬೆಕ್ಕಿನ ಹಾಗೆ ಪಾದ ನೆಕ್ಕಿ ಒರೆಸಿಕೊಳ್ಳುವ ಈ ಪ್ರಾಣಿ ಅವುಗಳ ನಡುವೆ ಒಂದು ವಾರ ಬಾಳುವುದೂ ನನಗೆ ಕಷ್ಟವಾಗಿ ಕಂಡಿತು. ಆದರೆ ಅತ್ತೆಯ ಮುಂದೆ ಏನು ಹೇಳುವುದು? ರೊಟ್ಟಿ ಬಡಿಯುವಾಗ ಅದು ಬಂದು ನನ್ನ ಮೊಣಕಾಲಿಗೆ ಬೆನ್ನು ಹಚ್ಚಿ ಕುಳಿತುಕೊಳ್ಳುತ್ತಿತ್ತು. ನಾನು ಬಡಿಯುತ್ತಲೇ ಇದ್ದೆ.

ಅತ್ತೆ ಮಾತ್ರ ನ್ಯಾಯವಂತರು. ಅದಕ್ಕೂ ಒಂದು ಅವಕಾಶ ಕೊಡಬೇಕಲ್ಲ. ಒಂದು ಮುಂಜಾನೆ ಪೂಜೆ ಮುಗಿಸಿ, ಹಣೆಯ ವಿಭೂತಿ ಇನ್ನೂ ಹಸಿಯಿರುವಾಗಲೇ, ಸಾಣಿಕಲ್ಲು ತಂದು ಪಡಸಾಲೆಯಲ್ಲಿ ಕುಂತರು.

"ಅದನ್ನ ಹಿಡಕೊ ಬಾ ಇಲ್ಲೆ."

"ಏನ್ ಮಾಡ್ತೀರಿ ಅತ್ತಿ?"

"ಬಜಿ ಹಚ್ಚತೇನಿ. ನಿನ್ನ ಗಂಡಗ ಮೂರ ವರ್ಷ ಮಾತ ಬಂದಿರಲಿಲ್ಲ, ಗೊತ್ತೈತೇನು? ನಾನ ಹಚ್ಚೇನಿ. ಈಗ ನೋಡು, ಬಾಯಿ ಮುಚ್ಚಂಗಿಲ್ಲ."

ನಾಯಿಗೆ ಬಜಿ ಹಚ್ಚಬಾರದೆಂದು ಹೇಳುವ ಧೈರ್ಯ ನನಗಿರಲಿಲ್ಲ. ಹಚ್ಚಿದ್ದು ಕಡ್ಡಿಯ ತುದಿಯಷ್ಟು. ಆ ಮರಿ ತಲೆ ಕೊಡವಿ, ಮೂಗು ಒರೆಸಿಕೊಂಡು, ಹಣೆಯ ನೆರಿಗೆ ಇನ್ನೂ ಎರಡು ಹೆಚ್ಚಿಸಿ ಅತ್ತೆಯನ್ನು ನೋಡಿತು. "ಹೂಂ, ಬೈ ನನಗ. ಬಾಯಿಬಿಟ್ಟ ಬೈ," ಅಂದರು ಅತ್ತೆ. ಅದು ಬೈಯಲಿಲ್ಲ.

ದಿನಾ ಮುಂಜಾನೆ ಅದೇ ನಡೆಯಿತು. ಬಜಿ ಹಚ್ಚುವುದು ಒಂದು ಗಳಿಗೆ. ಮುಂದಿನ ಅರ್ಧ ಗಂಟೆ ಮಾತು ಕಲಿಸುವುದು. "ಅಜ್ಜಿ ಅನ್ನು. ಆಗವಲ್ದಾ? ಬೌ ಅನ್ನು." ನಾನು ಅಡಿಗೆಮನೆಯಿಂದ ಕೇಳುತ್ತಿದ್ದೆ. ನಾಲ್ಕಾರು ದಿನದಲ್ಲಿ ಪಾಠ ಬಿಟ್ಟು ಅತ್ತೆ ಬೇರೆ ಮಾತು ಶುರುಮಾಡಿದ್ದರು. ಹಂಡೆಯನ್ನು ತವರಿನಿಂದ ಚಕ್ಕಡಿಯಲ್ಲಿ ತಂದದ್ದು, ದಾರಿಯಲ್ಲಿ ಅದರೊಳಗೆ ತಂಗಿಯನ್ನು ಕೂಡಿಸಿದ್ದು, ಮಾವನವರು ಸಿಟ್ಟು ಬಂದಾಗ ಎಲೆ ಅಡಿಕೆ ಜಗಿಯುವುದನ್ನು ನಿಲ್ಲಿಸಿಬಿಡುತ್ತಿದ್ದದ್ದು. ಹದಿನೇಳು ವರ್ಷದಲ್ಲಿ ನಾನು ಕೇಳಿರದ ಮಾತುಗಳು. ನಾಯಿ ಕಿವಿ ನೆಟ್ಟಗೆ ಮಾಡಿ ಕೇಳುತ್ತಿತ್ತು. ಕಡೆಕಡೆಗೆ ನಾನೂ ಸೊಪ್ಪು ಸೋಸುವ ಬುಟ್ಟಿ ತಗೊಂಡು ಪಡಸಾಲೆಗೆ ಬಂದು ಕೂತುಕೊಂಡೆ. ಅತ್ತೆ ಬೇಡ ಅನ್ನಲಿಲ್ಲ. "ಆ ತಂಗಿ ಈಗ ಹಾನಗಲ್ಲದಾಗ ಇರೂ ಚಿಗವ್ವ ಹೌದಲ್ರಿ?" ಅಂತ ಒಂದು ದಿನ ಕೇಳಿದೆ. "ಹೌದವಾ, ಅಕೀನ," ಅಂದು, ಅವತ್ತು ಅರ್ಧ ಕಥೆಯನ್ನು ನನ್ನ ಕಡೆ ತಿರುಗಿ ಹೇಳಿದರು.

ಸಂಕ್ರಮಣ ಹತ್ತಿರ ಬಂತು. ಮರಿ ಬೊಗಳಲಿಲ್ಲ.

ಹಬ್ಬದ ದಿನ ನಾದಿನಿ, ಅವರ ಗಂಡ ತಮ್ಮ ಪಿಕಪ್ ಗಾಡಿಯಲ್ಲಿ ಬಂದರು. ಹಿಂದೆ ಹಗ್ಗದಲ್ಲಿ ಕಟ್ಟಿದ, ಕರುವಿನಷ್ಟು ಎತ್ತರದ ಕರಿ ನಾಯಿ. ಗಾಡಿ ನಿಲ್ಲುವ ಮೊದಲೇ ಅದು ಬೊಗಳಿತು. ಎಲೆ ಮಾರುವ ಅಜ್ಜನಿಗೆ ಬೊಗಳಿತು. ಒರಳಿನ ಸಪ್ಪಳಕ್ಕೆ ಬೊಗಳಿತು. ಅತ್ತೆ ಪೂಜೆಗೆ ಕೂತು ಗಂಟೆ ಬಾರಿಸಿದರೆ, ಗಂಟೆ ನಿಲ್ಲುವ ತನಕ ಬೊಗಳಿತು. "ಚಲೋ ಕಾವಲ ಐತಿ ನೋಡವ್ವಾ!" ಅಂತ ನಾದಿನಿ ಹೆಮ್ಮೆಯಿಂದ ಕೂಗಿ ಹೇಳಬೇಕಾಯಿತು, ಇಲ್ಲದಿದ್ದರೆ ಕೇಳಿಸುತ್ತಿರಲಿಲ್ಲ.

ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಬದನೆಕಾಯಿ ಎಣಗಾಯಿ, ಸಿಹಿಗೆ ಮಾದಲಿ. ನಾನು ಬಡಿಸುತ್ತಿದ್ದೆ. ಊಟವಾದ ಮೇಲೆ ನಾದಿನಿ ಕೈ ಒರೆಸಿಕೊಳ್ಳುತ್ತ ಎದ್ದರು.

"ಎಲ್ಲೈತ್ರಿ ವೈನಿ ನಿಮ್ಮ ಮೂಗಿ? ಹೊತ್ತ ಇರತ ಹೊಂಡತೇವಿ."

ಅದು ಅತ್ತೆಯ ಸೆರಗಿನ ಮೇಲೆ ಮಲಗಿತ್ತು.

"ಮೂಗಿ ಯಾರ?" ಅಂದರು ಅತ್ತೆ. "ಅದು ಬೊಗಳೇತಿ."

ನಾನು ಒಯ್ಯುತ್ತಿದ್ದ ತಟ್ಟೆ ಕೆಳಗಿಟ್ಟೆ.

"ಯಾವಾಗ?" ನಾದಿನಿ ಕೇಳಿದರು.

"ಮೊನ್ನೆ ಮುಂಜಾನಿ. ನೀ ಇರಲಿಲ್ಲ."

ನಾದಿನಿ ನನ್ನ ಕಡೆ ತಿರುಗಿದರು. "ಖರೇನ ವೈನಿ?"

ಸುಳ್ಳು ಹೇಳಿದರೆ ನನ್ನ ಕಿವಿ ಕೆಂಪಾಗುತ್ತವೆ, ಅದು ಮನೆಮಂದಿಗೆಲ್ಲ ಗೊತ್ತು. ಸೆರಗನ್ನು ಕಿವಿಯ ಮೇಲೆ ಎಳೆದುಕೊಂಡು, "ಹೌದ್ರಿ, ನಾನೂ ಕೇಳೇನಿ," ಅಂದೆ. ಅತ್ತೆ ನನ್ನನ್ನು ನೋಡಲಿಲ್ಲ, ನಾನೂ ಅವರನ್ನು ನೋಡಲಿಲ್ಲ.

ನಾದಿನಿಯ ಗಂಡ ಕುಚೋದ್ಯದ ಮನುಷ್ಯ. ಅಡಿಕೆ ಕತ್ತರಿಸುತ್ತಿದ್ದವರು ಕೈ ನಿಲ್ಲಿಸಿ, "ಹೆಂಗ ಬೊಗಳಿತ್ರಿ ಅತ್ತಿ? ಒಂದ್ಸಲ ಮಾಡಿ ತೋರಸ್ರಿ," ಅಂದರು.

ಅತ್ತೆ ಬೆನ್ನು ನೆಟ್ಟಗೆ ಮಾಡಿದರು. ವಿಭೂತಿಯ ಹಣೆ, ಕೊರಳಲ್ಲಿ ಲಿಂಗ, ಓಣಿಯಲ್ಲಿ ಯಾರೂ ಎದುರು ಮಾತಾಡದ ಹೆಂಗಸು. ಸುತ್ತ ಒಮ್ಮೆ ನೋಡಿ, "ಬೌ," ಅಂದರು.

ಒಂದು ಗಳಿಗೆ ಕರಿ ನಾಯಿಯೂ ಸುಮ್ಮನಾಯಿತು. ಆಮೇಲೆ ಇವರು ಮೊದಲು ನಕ್ಕರು, ನಾದಿನಿ ಕಂಬ ಹಿಡಿದುಕೊಂಡು ನಕ್ಕರು. "ಸಾಕ ಬಿಡವ್ವಾ, ನೀನ ಬೊಗಳ್ತಿಯಲ್ಲ, ಮನಿಗೆ ಮತ್ತ್ಯಾಕ ನಾಯಿ?"

"ನಗ್ರಿ," ಅಂದರು ಅತ್ತೆ. "ಆ ಹುಣಸಿ ಗಿಡ ಎಷ್ಟೋ ತಲಿಮಾರಿನಿಂದ ಊರಾಗ ಸುಮ್ಮನ ನಿಂತೈತಿ. ಅದನ್ನ ಯಾರರ ಹಿರೇಕೆರೂರಿಗೆ ಕಳಿಸ್ಯಾರೇನು?"

ಕರಿ ನಾಯಿ ಬಂದ ಗಾಡಿಯಲ್ಲೇ ಬೊಗಳುತ್ತ ಹೋಯಿತು. ಅವರು ಹೋದ ಮೇಲೆ ನಾನು ಪಾತ್ರೆ ತಿಕ್ಕುತ್ತಿದ್ದೆ. ಅತ್ತೆ ಹಿಂದೆ ಬಂದು ನಿಂತು, "ನಿನ್ನ ಕಿವಿ ಇನ್ನೂ ಕೆಂಪ ಅದಾವು," ಅಂದರು. ಆ ಸುಳ್ಳು ನಾಯಿಗಾಗಿಯೋ ನನಗಾಗಿಯೋ, ನಾನು ಕೇಳಲಿಲ್ಲ. ಈಗ ಕೇಳುವ ಹಾಗಿಲ್ಲ. ಅವರು ಹೋಗಿ ನಾಲ್ಕು ವರ್ಷವಾಯಿತು.

ನಾಯಿ ನಿಜವಾಗಿ ಬಾಯಿಬಿಟ್ಟದ್ದು ಆ ವರ್ಷದ ಯುಗಾದಿಯ ಹೊತ್ತಿಗೆ. ಅತ್ತೆ ಹಾನಗಲ್ಲಿಗೆ ತಂಗಿಯ ಮನೆಗೆ ಹೋಗಿ ಎಂಟು ದಿನ ಇದ್ದು, ಸಂಜೆ ಬಸ್ಸಿಗೆ ಮರಳಿ ಬಂದರು. ಹೊಸ್ತಿಲು ದಾಟುವಾಗ ನಾಯಿ ಮೂತಿ ಮೇಲೆತ್ತಿ, ಎದೆಯ ಒಳಗಿನಿಂದ ಒಂದು ದನಿ ತೆಗೆಯಿತು. ಬೊಗಳಿದ್ದಲ್ಲ, ಅತ್ತದ್ದೂ ಅಲ್ಲ. ಹೊಲದ ಈ ಬದುವಿನಿಂದ ಆ ಬದುವಿಗೆ ಹೆಂಗಸರು ರಾಗವಾಗಿ ಕರೆಯುತ್ತಾರಲ್ಲ, ಹಾಗೆ: "ಊ... ಅಲಾ... ಲೂ..." ಅತ್ತೆ ಚೀಲ ಕೆಳಗಿಟ್ಟರು. ಕಣ್ಣು ಒರೆಸಿಕೊಂಡು ನನಗೆ ಹೇಳಿದರು: "ನೋಡಿದ್ಯಾ? ಬಜಿ! ಒಂದೀಟ ತಡಾ ಆತು, ಅಷ್ಟ."

ಈ ಜಾತಿ ಖುಷಿಗೆ ಹಾಗೇ ಹಾಡುತ್ತದೆಂದು ಸಾಹೇಬರು ಫೋನಿನಲ್ಲಿ ಇವರಿಗೆ ಹೇಳಿದ್ದರು. ಆ ಮಾತನ್ನು ನಾವಿಬ್ಬರೂ ಅತ್ತೆಗೆ ಹೇಳಲೇ ಇಲ್ಲ. ಅವರು ಇರುವ ತನಕ ಓಣಿಯವರಿಗೆಲ್ಲ ಬಜಿಯ ಮಹಿಮೆ ಹೇಳಿದರು. ಸಂಜೆ ಬಸ್ಸಿನ ಹೊತ್ತು ಆಮೇಲೆ ಎರಡು ಸಲ ಬದಲಾಯಿತು. ಬಾಗಿಲಿಗೆ ಹೋಗಿ ಕೂರುವ ನಾಯಿಯ ಹೊತ್ತು ಬದಲಾಗಿಲ್ಲ.

ಇವತ್ತು ಕೂಸಿನ ನಾಲಿಗೆಗೆ ಬಜಿ ಮುಟ್ಟಿಸಿದೆ. ಮುಖ ಕಿವುಚಿ, ಹಣೆ ನೆರಿಗೆ ಮಾಡಿ ನನ್ನನ್ನು ನೋಡಿತು. ಮಂಚದ ಕೆಳಗಿನಿಂದ ನಾಯಿ ಅದೇ ಮುಖ ಮಾಡಿ ನೋಡಿತು.

"ಖರೇನ ಕೆಲಸಾ ಮಾಡ್ತೈತೇನವ್ವಾ ಇದು?" ಮಗಳು ಕೇಳಿದಳು.

"ನಿಮ್ಮ ಅಜ್ಜಿ ಇದರಿಂದ ನಾಯಿಗೂ ಮಾತ ಬರಿಸ್ಯಾಳ," ಅಂದೆ. ಎರಡು ದಿನದಲ್ಲಿ ಅವಳು ನಕ್ಕದ್ದು ಅದೇ ಮೊದಲು.

ಮಧ್ಯಾಹ್ನ ನಾದಿನಿಯ ಫೋನ್ ಬಂತು. "ವೈನಿ, ಮೊಮ್ಮಗಳ ಬಾಯಿ ಬಿಟ್ಟಳೇನ್ರಿ?" ಮಗಳು ಎದುರಿಗೇ ಕೂತಿದ್ದಳು, ನನ್ನ ಬಾಯಿಯನ್ನೇ ನೋಡುತ್ತ.

"ಬಿಟ್ಟಾಳ್ರಿ," ಅಂದೆ. "ಇವತ್ತ ಮುಂಜಾನಿ. ನೀವಿರಲಿಲ್ಲ."

ಆ ಕಡೆಯಿಂದ ಮೆತ್ತಗಿನ ನಗು ಬಂತು. "ಹೌದ್ರಾ? ಹೆಂಗ ಅಂದ್ಳು, ಮಾಡಿ ತೋರಸ್ರಿ ನೋಡೋಣು."

ರಾತ್ರಿ ಊಟಕ್ಕೆ ಮುಂಜಾನೆಯ ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ, ಕೆನೆಮೊಸರು. ಕೂಸು ಮೊಸರನ್ನ ನಾಲ್ಕು ತುತ್ತು ತಿಂದಿತು. ಹೊತ್ತಿದ ರೊಟ್ಟಿಯನ್ನು ಹಾಲಿನಲ್ಲಿ ಮುರಿದು ನಾಯಿಗೆ ಹಾಕಿದೆ, ಹೊತ್ತಿದ್ದನ್ನು ಬಿಟ್ಟು ಉಳಿದದ್ದು ತಿಂದಿತು. ಬಿಸಿಲು ಕಂಡ ಕೌದಿ ಇನ್ನೂ ಬೆಚ್ಚಗಿತ್ತು. ಎಲ್ಲರಿಗಿಂತ ಮೊದಲು ಮಲಗಿದ್ದು ನಾಯಿ. ಕೂಸು ಪಕ್ಕದಲ್ಲಿ ಕೂತು ಅದರ ಬಾಲದ ಸುರುಳಿ ಬಿಡಿಸಲು ನೋಡುತ್ತಿತ್ತು, ಬಿಟ್ಟ ಕೂಡಲೇ ಅದು ಮತ್ತೆ ಸುತ್ತಿಕೊಳ್ಳುತ್ತಿತ್ತು.